ಎರಡು ಟವರುಗಳ ನಡುವಿನವನು

ಟವರಿನಿಂದ ದೂರ ಹೋದಂತೆ ಮೊಬೈಲಿನ ಮಾತು ಕ್ಷೀಣಿಸುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಎರಡು ಟವರುಗಳ ನಡುವೆ ಸಿಕ್ಕಿದವನ ಕಷ್ಟಕ್ಕೆ ದೂರವೊಂದೇ ಕಾರಣವಲ್ಲ. ಬೇರೊಬ್ಬನಿಗಾಗಿ ನೆರೆಯ ಟವರು ಕಳುಹಿದ ಅಲೆಯೂ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಅವನನ್ನು ತಲುಪುತ್ತದೆ. ಅವನ ಪಾಲಿಗೆ ಅದು ಬರಿಯ ಗದ್ದಲ.

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಿ. ಎಚ್. ರಿಂಗ್ ಪ್ರದೇಶವನ್ನು ಸಣ್ಣ ಕೋಶಗಳಾಗಿ ವಿಂಗಡಿಸುವ ಸಲಹೆಯನ್ನಿತ್ತರು. ನೆರೆಯ ಕೋಶಗಳು ಬೇರೆ ಬೇರೆ ತರಂಗಾಂತರಗಳನ್ನು ಬಳಸಬೇಕೆಂಬುದೇ ಅಲ್ಲಿನ ಉಪಾಯ. ಜಗಳವೇನೋ ತಪ್ಪಿತು, ಆದರೆ ಆಸ್ತಿ ಹಂಚಿಹೋಗಿ ಒಬ್ಬೊಬ್ಬರಿಗೂ ಚೂರುಪಾರು ಮಾತ್ರ ದಕ್ಕಿತು. ನಾಲ್ಕನೆಯ ತಲೆಮಾರಿನ ಜಾಲಗಳಲ್ಲಿ ಪ್ರತಿಯೊಂದು ಟವರೂ ಇಡೀ ತರಂಗಪಟ್ಟಿಯನ್ನೇ ಬಳಸುವ ರೂಢಿ ಬಂದಿತು. ವೇಗ ಹೆಚ್ಚಿತು, ಬೆಲೆ ತೆತ್ತವನು ಅಂಚಿನವನು.

ಪರಿಹಾರ ತಿಳಿಯದೆ ಇಲ್ಲ. ಯಾವ ಭಾಗದಲ್ಲಿ ತಾನು ಜೋರಾಗಿ ಪ್ರಸಾರ ಮಾಡುವೆನೆಂಬುದನ್ನು ಒಂದು ಟವರು ಇನ್ನೊಂದಕ್ಕೆ ಮುಂಚಿತವಾಗಿ ತಿಳಿಸಬಹುದು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಬಹುಮಟ್ಟಿಗೆ ಮೌನವಾಗಿದ್ದು ನೆರೆಯವರಿಗೆ ಎಡೆ ಕೊಡಬಹುದು. ಎರಡೂ ಕೂಡಿ ಒಬ್ಬನಿಗೇ ಪ್ರಸಾರ ಮಾಡಿದರಂತೂ ನಿನ್ನೆಯ ಗದ್ದಲವೇ ಇಂದಿನ ಮಾತಾಗುತ್ತದೆ!

ಸಹಕಾರವೇನೂ ಪುಕ್ಕಟೆಯಲ್ಲ. ಟವರುಗಳ ನಡುವೆ ವೇಗದ ತಂತಿ ಬೇಕು, ಗಡಿಯಾರಗಳು ಕೂಡಿಬರಬೇಕು. ಓಡುವ ಬಸ್ಸಿನಲ್ಲಿರುವವನ ಸ್ಥಿತಿಯನ್ನು ನೆರೆಗೆ ತಿಳಿಸುವಷ್ಟರಲ್ಲಿ ಅದು ಹಳಸಿದ ಸುದ್ದಿ. ಸಹಕಾರಕ್ಕೂ ಮೂಲಭೂತವಾದ ಮಿತಿಯುಂಟೆಂದು ಲೊಜಾನೊ, ಹೀತ್, ಆಂಡ್ರ್ಯೂಸ್ ಎಂಬ ಮೂವರು 2013ರಲ್ಲಿ ತೋರಿಸಿದ್ದಾರೆ. ಆದುದರಿಂದ ಊರಿನ ಟವರುಗಳನ್ನೆಲ್ಲ ಒಂದೇ ಅವಿಭಕ್ತ ಕುಟುಂಬ ಮಾಡಬೇಕೆಂಬ ವಾದವನ್ನು ನಾನು ಒಪ್ಪಲಾರೆ. ನಾಲ್ಕಾರು ನೆರೆಯವರು ಕೂಡಿದರೆ ಸಾಕು.

ಕಲಾ ವಿದ್ಯಾರ್ಥಿಗಳಿಗೆ ಈ ಉಸಾಬರಿ ಏಕೆಂದು ಮಿತ್ರರು ಕೇಳಿಯಾರು. ಇದು ಅಪ್ಪಟ ಹಂಚಿಕೆಯ ಪ್ರಶ್ನೆ, ಸ್ವಾಮಿ! ಒಂದು ಟವರು ಮೌನ ತಾಳಿದಾಗ ಅದರ ಬುಡದಲ್ಲಿರುವವನು ಒಂದಿಷ್ಟು ಕಳೆದುಕೊಳ್ಳುತ್ತಾನೆ, ಅಂಚಿನವನು ಬದುಕಿಕೊಳ್ಳುತ್ತಾನೆ. ಇಬ್ಬರೂ ತೆರುವ ಹಣ ಒಂದೇ ಆಗಿರುವಾಗ ಈ ತ್ಯಾಗವನ್ನು ಅನ್ಯಾಯವೆನ್ನಲಾದೀತೇ? ಕಾಲುವೆಯ ತುದಿಯ ಗದ್ದೆಯವನನ್ನು ಕೇಳಿ ನೋಡಿ.

ಎಂಜಿನಿಯರರು ತಮ್ಮ ಲೆಕ್ಕದಲ್ಲಿ ಅತ್ಯಂತ ಕೆಳಗಿನ ಶೇಕಡಾ 5ರ ಮಟ್ಟದ ಬಳಕೆದಾರನಿಗೆ ದೊರೆಯುವ ವೇಗವನ್ನು ಪ್ರತ್ಯೇಕವಾಗಿಯೇ ಗುಣಿಸುತ್ತಾರೆ. ಜಾಹೀರಾತುಗಳಿಗೆ ಮಾತ್ರ ಪರಮಾವಧಿ ವೇಗವೇ ಪ್ರಿಯ. ಆ ಶೇಕಡಾ 5ರ ಅಂಕಿಯೂ ಅದರ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚಾಗಬೇಕೆಂದು ಸರಕಾರವು ವಿಧಿಸಲಿ; ತಂತಿ ಎಳೆಯಲು ಕಂಪನಿಗಳಿಗೆ ಹಣ ತಾನಾಗಿ ಒದಗೀತು.