ಬ್ಯಾಲೆನ್ಸ್ ಶಾಫ್ಟ್ ಕೀಳೋ ಮುಂಚೆ ಆಯಿಲ್ ದಾರಿ ನೋಡಿ

ವರ್ಕ್‌ಶಾಪಿನಲ್ಲಿ ಇಂಜಿನ್ ಮಾತು ಶುರುವಾದರೆ ಒಬ್ಬರಾದರೂ ಹೇಳೇ ಹೇಳ್ತಾರೆ: "ಬ್ಯಾಲೆನ್ಸ್ ಶಾಫ್ಟ್ ಕಿತ್ತು ಬಿಸಾಕು ಮಗಾ, ಪವರ್ ಬರುತ್ತೆ." ನೆಟ್‌ನಲ್ಲಿ ಹುಡುಕಿದರೆ 'ಡಿಲೀಟ್ ಕಿಟ್' ಅಂತ ನಾಲ್ಕು ಚೂರು ಲೋಹದ ಪ್ಯಾಕೆಟ್ ಕೂಡ ಸಿಗುತ್ತೆ. ನಮ್ಮ ತಕರಾರು ಕೀಳೋದರ ಬಗ್ಗೆ ಅಲ್ಲ, ಆ ಪ್ಯಾಕೆಟ್ ನಂಬೋದರ ಬಗ್ಗೆ. ಈ ಶಾಫ್ಟ್ ಮುಟ್ಟಿದವರು ಇಂಜಿನ್ನಿನ ಆಯಿಲ್ ದಾರಿಗೇ ಕೈ ಹಾಕಿದ ಹಾಗೆ. ಪಾರ್ಟ್ ಆರಿಸುವಾಗ ನೋಡಬೇಕಾದ್ದು ಅದನ್ನ.

ಮೊದಲು ಇದು ಯಾಕಿದೆ ಅಂತ ಸ್ವಲ್ಪ ನೋಡೋಣ. ಡಿಒಎಂ ಪೇಪರಿಗೆ ಓದಿದ್ದು ನೆನಪಿರಬೇಕಲ್ಲ? ಇನ್‌ಲೈನ್ ನಾಲ್ಕು ಸಿಲಿಂಡರಿನಲ್ಲಿ ಪ್ರೈಮರಿ ಬಲಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ, ಸೆಕೆಂಡರಿ ಬಲಗಳು ಮಾತ್ರ ನಾಲ್ಕೂ ಒಂದೇ ಕಡೆ ಸೇರಿಕೊಳ್ಳುತ್ತವೆ. ಮಿತ್ಸುಬಿಷಿಯ 2 ಲೀಟರ್ 4ಜಿ63 ತಗೊಳ್ಳಿ. ಸ್ಟ್ರೋಕ್ 88 ಮಿ.ಮೀ., ಕನೆಕ್ಟಿಂಗ್ ರಾಡ್ 150 ಮಿ.ಮೀ. ಒಂದು ಸಿಲಿಂಡರಿನ ಮೇಲೆ-ಕೆಳಗೆ ಓಡಾಡುವ ತೂಕ 0.6 ಕೆ.ಜಿ. ಅಂತ ಇಟ್ಟುಕೊಂಡು 6000 ಆರ್‌ಪಿಎಂಗೆ ಲೆಕ್ಕ ಹಾಕಿದರೆ ಸುಮಾರು 12 ಕಿಲೋನ್ಯೂಟನ್ ಬರುತ್ತೆ. ಅಂದರೆ ಹೆಚ್ಚುಕಡಿಮೆ ಒಂದೂಕಾಲು ಟನ್ನಿನ ತಳ್ಳಾಟ, ಸೆಕೆಂಡಿಗೆ 200 ಸಲ. ಇದನ್ನು ತಡೆಯೋಕೆ ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಶಾಫ್ಟ್. ಐಡಿಯಾ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಅವರದ್ದು. 1970ರ ದಶಕದಲ್ಲಿ ಮಿತ್ಸುಬಿಷಿ ಎರಡನ್ನೂ ಬೇರೆ ಬೇರೆ ಎತ್ತರದಲ್ಲಿಟ್ಟು 'ಸೈಲೆಂಟ್ ಶಾಫ್ಟ್' ಅಂತ ಹೆಸರಿಟ್ಟಿತು. ಪೋರ್ಷೆಯಂಥ ಪೋರ್ಷೆಯೇ 944 ಕಾರಿಗೆ ಅವರಿಂದ ಲೈಸೆನ್ಸ್ ತಗೊಂಡಿತ್ತು.

ಹಾಗಿದ್ದರೆ 4ಜಿ63 ಇಟ್ಟುಕೊಂಡವರು ಯಾಕೆ ಕೀಳ್ತಾರೆ? ಪವರ್‌ಗಿಂತ ದೊಡ್ಡ ಕಾರಣ ಒಂದು ಸಣ್ಣ ಬೆಲ್ಟು. ಶಾಫ್ಟ್ ತಿರುಗಿಸುವ ಆ ಬೆಲ್ಟು ಹರಿದು ಪಕ್ಕದ ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡರೆ ಟೈಮಿಂಗ್ ಹೋಯ್ತು, ವಾಲ್ವು ಪಿಸ್ಟನ್ನಿಗೆ ಬಡೀತು, ಹೆಡ್ ಬಿಚ್ಚಬೇಕಾಯ್ತು. ಈ ಭಯಕ್ಕೆ ಅರ್ಥ ಇದೆ, ನಾವೂ ಒಪ್ತೀವಿ. ಅದೇ ಕುಟುಂಬದ 1.6 ಲೀಟರ್ 4ಜಿ61ಗೆ ಕಂಪನಿಯೇ ಬ್ಯಾಲೆನ್ಸ್ ಶಾಫ್ಟ್ ಹಾಕಿರಲಿಲ್ಲ, ಹಾಗಾಗಿ ಇದೇನೂ ಮಹಾಪಾಪ ಅಲ್ಲ.

ಕೆಲವರು ಇನ್ನೂ ಜಾಣರು. "ಬೆಲ್ಟ್ ತಾನೇ ಸಮಸ್ಯೆ? ಬೆಲ್ಟ್ ಒಂದೇ ತೆಗೆದರಾಯ್ತು" ಅಂತಾರೆ. ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಮುಂದಿನ ಶಾಫ್ಟ್ ಆಯಿಲ್ ಪಂಪಿನ ಗೇರಿಗೇ ಬೋಲ್ಟ್ ಆಗಿರೋದರಿಂದ ಅದು ತಿರುಗ್ತಾನೇ ಇರುತ್ತೆ, ಹಿಂದಿನದು ಮಾತ್ರ ನಿಲ್ಲುತ್ತೆ. ಮೇಲೆ-ಕೆಳಗಿನ 12 ಕಿಲೋನ್ಯೂಟನ್‌ನಲ್ಲಿ 6 ಉಳಿಯುತ್ತೆ, ಜೊತೆಗೆ ಮೊದಲು ಇಲ್ಲದೇ ಇದ್ದ ಇನ್ನೊಂದು 6 ಅಡ್ಡಕ್ಕೆ ಹುಟ್ಟುತ್ತೆ. ತೆಗೆದರೆ ಎರಡೂ ತೆಗೀಬೇಕು, ಇಲ್ಲ ಅಂದರೆ ಎರಡೂ ಇರಲಿ.

ಈಗ ಪಾರ್ಟುಗಳು. ಮುಂದಿನ ಶಾಫ್ಟ್ ತೆಗೆದ ತಕ್ಷಣ ಪಂಪಿನ ಆ ಗೇರಿಗೆ ಆಸರೆ ಇಲ್ಲ. ಅದಕ್ಕೇ ಸ್ಟಬ್ ಶಾಫ್ಟ್ ಅನ್ನೋ ಮೋಟು ತುಂಡು. ಹಳೇ ಶಾಫ್ಟನ್ನೇ ಲೇತ್‌ನಲ್ಲಿ ಕತ್ತರಿಸಿ ಮಾಡಿಕೊಳ್ಳುವವರೂ ಇದ್ದಾರೆ. ಜರ್ನಲ್ ಮೇಲೆ ಉಗುರು ಆಡಿಸಿ ನೋಡಿ, ಎಲ್ಲಾದರೂ ಗೀರಿಗೆ ಉಗುರು ಸಿಕ್ಕಿದರೆ ಆ ಆಸೆ ಬಿಟ್ಟು ಹೊಸದು ತಗೊಳ್ಳಿ. ಇಡೀ ಇಂಜಿನ್ನಿಗೆ ಆಯಿಲ್ ಕಳಿಸುವ ಪಂಪು ನಿಂತಿರೋದು ಆ ತುಂಡಿನ ಮೇಲೆ. ಉಳಿತಾಯ ಮಾಡೋ ಜಾಗ ಅದಲ್ಲ.

ಇನ್ನು ಬೇರಿಂಗು. ನಾವು ಇಷ್ಟುದ್ದ ಬರೆಯೋಕೆ ಕಾರಣವೇ ಇದು. ಶಾಫ್ಟ್ ಹೋದರೂ ಬ್ಲಾಕಿನೊಳಗೆ ಅದರ ಬೇರಿಂಗಿಗೆ ಆಯಿಲ್ ತರುವ ತೂತು ಹಾಗೇ ಇರುತ್ತೆ. ಮೊದಲು ಜರ್ನಲ್ಲಿನ ಕಿರಿದಾದ ಸಂದಿಯಲ್ಲಿ ಹನಿಹನಿಯಾಗಿ ಸೋರುತ್ತಿದ್ದ ಆಯಿಲ್ ಈಗ ನಲ್ಲಿ ಬಿಟ್ಟ ಹಾಗೆ ಸಂಪಿಗೆ ಸುರಿಯುತ್ತೆ. ಇಂಜಿನ್ ಬಿಸಿಯಾಗಿ ಐಡಲ್‌ಗೆ ಬಂದಾಗ ಪ್ರೆಶರ್ ಬಿದ್ದು, ಮೇನ್ ಬೇರಿಂಗು, ಬಿಗ್ ಎಂಡ್ ಬೇರಿಂಗು ಒಣಗುತ್ತವೆ. ಆದ್ದರಿಂದ ಸ್ಟಬ್ ಕೂರುವ ಬೇರಿಂಗಿನ ತೂತು ತೆರೆದೇ ಇರಬೇಕು, ಖಾಲಿಯಾದ ಬೇರಿಂಗುಗಳದ್ದು ಮುಚ್ಚಬೇಕು. ಹಳೇ ಬೇರಿಂಗ್ ಹೊರಗೆಳೆದು, ತೂತು ಗ್ಯಾಲರಿಗೆ ಎದುರಾಗದ ಹಾಗೆ ತಿರುಗಿಸಿ ಮತ್ತೆ ಹೊಡೆಯೋದು ರೂಢಿ. ಎಳೆದಾಗ ಅದು ಗಾಯವಾಗಿದ್ದರೆ ಅಥವಾ ಸಡಿಲವಾಗಿದ್ದರೆ ತೂತಿಲ್ಲದ ಹೊಸ ಬೇರಿಂಗೇ ಸರಿ. ಸಿಲಿಕೋನ್ ಪೇಸ್ಟ್ ಮೆತ್ತಿ ಮುಚ್ಚೋಣ ಅನ್ನೋರಿಗೆ ದೊಡ್ಡ ನಮಸ್ಕಾರ. ಅದರ ಚೂರು ಕಿತ್ತು ಗ್ಯಾಲರಿಯೊಳಗೆ ಹೋದರೆ ಎಲ್ಲಿ ಹೋಗಿ ಕೂರುತ್ತೋ ದೇವರಿಗೇ ಗೊತ್ತು.

ಮುಂದಿನ ಕೇಸಿನಲ್ಲಿ ಇನ್ನೊಂದು ಶಾಫ್ಟ್ ಹೊರಬರುತ್ತಿದ್ದ ಕಿಂಡಿಗೆ ಬಿಗಿಯಾಗಿ ಕೂರುವ ಪ್ಲಗ್ ಬೇಕು. ಕ್ರ್ಯಾಂಕಿನ ಮೇಲೆ ಆ ಸಣ್ಣ ಬೆಲ್ಟಿನ ಹಲ್ಲುಚಕ್ರ ಇದೆಯಲ್ಲ, ಅದು ಅಲ್ಲೇ ಇರಲಿ, ಇಲ್ಲವೇ ಅಷ್ಟೇ ದಪ್ಪದ ಸ್ಪೇಸರ್ ಹಾಕಿ. ಬೇಡದ ವಸ್ತು ಅಂತ ತೆಗೆದುಬಿಟ್ಟರೆ ಟೈಮಿಂಗ್ ಬೆಲ್ಟ್ ಲೈನ್ ಜಾರುತ್ತೆ. ಅಂದ ಹಾಗೆ 4ಜಿ63 ಅಂದರೆ ಒಂದೇ ಇಂಜಿನ್ ಅಲ್ಲ. ಫ್ಲೈವೀಲಿಗೆ 6 ಬೋಲ್ಟ್ ಇರೋದು ಬೇರೆ, 7 ಬೋಲ್ಟ್ ಇರೋದು ಬೇರೆ. ಪ್ಯಾಕೆಟ್ ಮೇಲೆ '4ಜಿ63ಗೆ' ಅಂತ ಮಾತ್ರ ಬರೆದಿದ್ದರೆ ಅಳತೆ ಕೇಳದೆ ದುಡ್ಡು ಕೊಡಬೇಡಿ.

ಎಲ್ಲಾ ಇಂಜಿನ್ನಿಗೂ ಇದೇ ಲಿಸ್ಟ್ ನಡೆಯೋಲ್ಲ. ನಮ್ಮಲ್ಲಿ ಅಕಾರ್ಡ್, ಸಿಆರ್-ವಿ ಕಾರುಗಳಲ್ಲಿ ಬಂದ ಹೋಂಡಾದ 2.4 ಲೀಟರ್ ಕೆ24ರಲ್ಲಿ ಶಾಫ್ಟುಗಳು ಕ್ರ್ಯಾಂಕಿನ ಕೆಳಗೆ, ಆಯಿಲ್ ಪಂಪಿನ ಜೊತೆ ಒಂದೇ ಗಂಟು. ಅಲ್ಲಿ ಸ್ಟಬ್ಬೂ ಇಲ್ಲ, ಬೆಲ್ಟೂ ಇಲ್ಲ. ಶಾಫ್ಟ್ ಇಲ್ಲದ ಕೆ20 ಪಂಪನ್ನೇ ತಂದು ಹಾಕ್ತಾರೆ, ಅದರ ಜೊತೆ ಹೊಂದುವ ಚೈನು, ಗೈಡು ಸಮೇತ.

ಫಾರ್ಮುಲಾ ಸ್ಟೂಡೆಂಟ್ ಟೀಮಿನವರು ಬಳಸುವ ಕೆಟಿಎಂ 390ರ ಬಗ್ಗೆಯೂ ಈ ಮಾತು ಏಳುತ್ತೆ. ಅದು ಒಂಟಿ ಸಿಲಿಂಡರ್. ಅಲ್ಲಿ ಶಾಫ್ಟ್ ಹಿಡಿದಿಟ್ಟಿರೋದು ಪ್ರೈಮರಿ ಬಲವನ್ನೇ. ಕ್ರ್ಯಾಂಕಿನ ಕೌಂಟರ್‌ವೇಟ್ ಅನ್ನೂ ಆ ಶಾಫ್ಟ್ ಇದೆ ಅಂತಲೇ ಲೆಕ್ಕ ಹಾಕಿ ಮಾಡಿರ್ತಾರೆ. ಕಿತ್ತರೆ ಸಿಗೋ ಲಾಭ ಚೂರು, ಬ್ರಾಕೆಟ್ಟು, ವೆಲ್ಡು, ಸೆನ್ಸರ್ ಕನೆಕ್ಟರುಗಳು ತಿನ್ನೋ ಪೆಟ್ಟು ರಾಶಿ. ಎಂಡ್ಯೂರೆನ್ಸ್ ಓಡಬೇಕಾದ ಗಾಡಿಯಲ್ಲಿ ಅದನ್ನು ಮುಟ್ಟಲೇಬಾರದು ಅನ್ನೋದು ನಮ್ಮ ಖಚಿತ ಅಭಿಪ್ರಾಯ. ದಿನಾ ಓಡಿಸುವ ಕಾರಿನಲ್ಲೂ ಅಷ್ಟೇ, ಹೊಸ ಬೆಲ್ಟ್ ಹಾಕಿಸಿ ಸುಮ್ಮನಿರೋದು ಮೇಲು.

ರೇಸಿಗೆ ಅಂತಲೇ ಕಟ್ಟುತ್ತಿದ್ದೀರಿ, ಕಿತ್ತೇ ಕೀಳ್ತೀರಿ ಅಂದರೆ ಬಜೆಟ್ಟಿನಲ್ಲಿ ಒಂದು ಮೆಕ್ಯಾನಿಕಲ್ ಆಯಿಲ್ ಪ್ರೆಶರ್ ಗೇಜ್ ಸೇರಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇಜಿನ ಮುಳ್ಳು ಏಳೋವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. 4ಜಿ63ರಲ್ಲಿ ಸೋರಿಕೆಯ ದಾರಿಗಳು ಕಡಿಮೆಯಾಗಿ ಪ್ರೆಶರ್ ಮೊದಲಿಗಿಂತ ಏರೋದು ಮಾಮೂಲು. ತಣ್ಣಗಿದ್ದಾಗ ವಿಪರೀತ ಏರಿದರೆ ರಿಲೀಫ್ ವಾಲ್ವಿನ ದಾರಿ ಅಗಲ ಮಾಡಬೇಕಾಗುತ್ತೆ. ಬಿಸಿ ಐಡಲ್‌ನಲ್ಲಿ ಇಳಿದರೆ ಮಾತ್ರ ತಕ್ಷಣ ಆಫ್ ಮಾಡಿ, ಸಂಪ್ ಬಿಚ್ಚಿ, ಮೊದಲು ಆ ಬೇರಿಂಗಿನ ತೂತುಗಳನ್ನ ನೋಡಿ.