ಸ್ವಾಧ್ಯಾಯವೂ ಸಹವಾಸವೂ

ಗುರುವಿಲ್ಲದೆ ವಿದ್ಯೆಯಿಲ್ಲವೆಂಬುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ನಂಬಿಕೆ. ಮಣ್ಣಿನ ಮೂರ್ತಿಯನ್ನೇ ಗುರುವೆಂದು ಬಗೆದು ಬಿಲ್ವಿದ್ಯೆಯನ್ನು ಕೈವಶ ಮಾಡಿಕೊಂಡ ಏಕಲವ್ಯನ ಕಥೆಯನ್ನು ಮೆಚ್ಚಿ ಕೇಳುವವರೂ ಈ ನಾಡಿನವರೇ. ಇವೆರಡರಲ್ಲಿ ಯಾವುದು ದಿಟ? ಜಪಾನೀ ಭಾಷೆಯಂತಹ ಕಠಿನವೆನಿಸಿದ ಭಾಷೆಯನ್ನು ತಾನೇ ಕಲಿಯಹೊರಟವನು ಈ ಪ್ರಶ್ನೆಯನ್ನು ಎದುರಿಸಲೇಬೇಕು. ವ್ಯಾಕರಣವನ್ನು ಓದಿದರೆ ಸಾಕೆಂದು ಕೆಲವರು ಹೇಳುತ್ತಾರೆ. ವ್ಯಾಕರಣವೇತಕ್ಕೆ, ಆ ಭಾಷೆಯನ್ನಾಡುವವರ ನಡುವೆ ಇದ್ದರೆ ಅದು ತಾನಾಗಿಯೇ ಬರುವುದೆಂದು ಮತ್ತೆ ಕೆಲವರು ಹೇಳುತ್ತಾರೆ. ಇವೆರಡೂ ಅರ್ಧಸತ್ಯಗಳು.

ಮೊದಲು ಕಷ್ಟವನ್ನು ನೋಡೋಣ. ಜಪಾನೀ ಬರವಣಿಗೆಯಲ್ಲಿ ಮೂರು ಬಗೆಯ ಲಿಪಿಗಳು ಬೆರೆತಿವೆ. ಹಿರಗಾನ, ಕತಕಾನ ಎಂಬವು ಉಚ್ಚಾರವನ್ನು ಅನುಸರಿಸುವ ಲಿಪಿಗಳು. ಒಂದೊಂದರಲ್ಲಿಯೂ 46 ಮೂಲಾಕ್ಷರಗಳಿವೆ. ಮೂರನೆಯದು ಚೀನಾದಿಂದ ಬಂದ ಕಾಂಜಿ. ನಿತ್ಯಬಳಕೆಗಾಗಿ 2010ರಲ್ಲಿ ಪರಿಷ್ಕರಿಸಿದ ಸರ್ಕಾರಿ ಪಟ್ಟಿಯಲ್ಲಿಯೇ 2,136 ಕಾಂಜಿಗಳಿವೆ. ಬೆಟ್ಟವನ್ನು ಸೂಚಿಸುವ ಕಾಂಜಿಯು ಒಂಟಿಯಾಗಿ ನಿಂತಾಗ ‘ಯಾಮ’ ಎನಿಸಿಕೊಳ್ಳುತ್ತದೆ. ಫುಜಿ ಪರ್ವತದ ಹೆಸರಿನ ಕೊನೆಯಲ್ಲಿ ಬಂದಾಗ ಅದೇ ‘ಸಾನ್’ ಆಗುತ್ತದೆ. ಇದನ್ನೆಲ್ಲ ದಿನದಿನವೂ ಬರೆದು, ಮರೆತು, ಮತ್ತೆ ಬರೆದು ಕಲಿಯುವುದಲ್ಲದೆ ಬೇರೆ ಹಾದಿಯಿಲ್ಲ.

ಆದರೆ ಕನ್ನಡಿಗನಿಗೆ ಈ ಭಾಷೆಯಲ್ಲಿ ಪರಿಚಿತವಾದ ನೆಲವೂ ಉಂಟು. ಅದರ ಅಕ್ಷರಗಳನ್ನು ಅ, ಇ, ಉ, ಎ, ಒ ಎಂದು ಆರಂಭಿಸಿ ಕ, ಸ, ತ, ನ, ಹ, ಮ ಎಂಬ ಸಾಲುಗಳಲ್ಲಿ ಜೋಡಿಸುತ್ತಾರೆ. ಬೌದ್ಧಧರ್ಮದೊಡನೆ ಅಲ್ಲಿಗೆ ತಲುಪಿದ ಸಿದ್ಧಂ ಲಿಪಿಯ ಮತ್ತು ಸಂಸ್ಕೃತ ವರ್ಣಮಾಲೆಯ ಅಧ್ಯಯನದ ಗುರುತು ಈ ಜೋಡಣೆಯಲ್ಲಿ ಉಳಿದಿದೆ. ವಾಕ್ಯರಚನೆಯೂ ಹೊಸದೆನಿಸದು. ‘ಹೊನ್ ಒ ಯೊಮು’ ಎಂಬಲ್ಲಿ ‘ಹೊನ್’ ಎಂದರೆ ಪುಸ್ತಕ, ‘ಒ’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಸ್ಥಾನದಲ್ಲಿದೆ, ‘ಯೊಮು’ ಎಂದರೆ ಓದುವುದು. ಪದಕ್ಕೆ ಪದವನ್ನಿಟ್ಟರೆ ಕನ್ನಡದ ವಾಕ್ಯವೇ ಆಗುತ್ತದೆ. ಗೊತ್ತಿರುವುದರ ಮೇಲೆ ಕಾಲೂರಿ ಗೊತ್ತಿಲ್ಲದುದರ ಕಡೆಗೆ ನಡೆಯುವುದೇ ಸ್ವಾಧ್ಯಾಯದ ಜಾಣ್ಮೆ.

ಇನ್ನು ಸಹವಾಸದ ಮಾತು. 1859ರಲ್ಲಿ ಯೊಕೊಹಾಮ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆಯಿತು. ಅಲ್ಲಿ ನೆಲಸಿದ ವಿದೇಶೀಯರು ಜಪಾನೀಯರೊಡನೆ ದಿನವೂ ವ್ಯವಹರಿಸುತ್ತಿದ್ದರು. ಆದರೂ ಅವರಲ್ಲಿ ಅನೇಕರ ಬಾಯಿಗೆ ಬಂದದ್ದು ಲೆಕ್ಕಾಚಾರಕ್ಕಷ್ಟೇ ಸಾಲುವ ಹರಕುಮುರುಕು ಬೆರಕೆಮಾತು. ಕಿವಿಗೆ ಬಿದ್ದುದೆಲ್ಲ ವಿದ್ಯೆಯಾಗುವುದಿಲ್ಲ.

ಅದೇ ಯೊಕೊಹಾಮಕ್ಕೆ 1862ರಲ್ಲಿ ಅರ್ನೆಸ್ಟ್ ಸಾಟೋ ಎಂಬ ಹತ್ತೊಂಬತ್ತು ವರ್ಷದ ಆಂಗ್ಲ ತರುಣರು ದುಭಾಷಿಯಾಗಲು ಕಲಿಯುವ ನೌಕರರಾಗಿ ಬಂದರು. ಹೆಪ್‌ಬರ್ನ್ ಅವರ ಪ್ರಸಿದ್ಧ ಜಪಾನೀ–ಇಂಗ್ಲಿಷ್ ನಿಘಂಟು ಪ್ರಕಟವಾದುದು 1867ರಲ್ಲಿ. ಆಗಿನ್ನೂ ಅಂತಹ ನೆರವಿರಲಿಲ್ಲ. ದೊರೆತ ಅಲ್ಪಸ್ವಲ್ಪ ಪಾಠಗಳೊಡನೆ ಅವರು ಜಪಾನೀ ಶಿಕ್ಷಕರ ಬಳಿ ಕುಳಿತು ಪತ್ರಲೇಖನದ ಶೈಲಿಯನ್ನೂ ಕುಂಚದ ಬರವಣಿಗೆಯನ್ನೂ ಸಾಧಿಸಿದರು. ಜನರೊಡನೆ ಬೆರೆತು ಮಾತಿನ ಹದವನ್ನು ಅರಿತರು. 1876ರಲ್ಲಿ ಇಶಿಬಾಶಿ ಮಸಾಕಾತ ಅವರೊಡಗೂಡಿ ಆಡುಮಾತಿನ ಇಂಗ್ಲಿಷ್–ಜಪಾನೀ ನಿಘಂಟೊಂದನ್ನು ಹೊರತಂದರು. ನಿಘಂಟಿಲ್ಲದೆ ಕಲಿತವರು ಮುಂದಿನವರಿಗೆ ನಿಘಂಟನ್ನು ಕೊಟ್ಟರು.

ಆ ನಾಡಿಗೆ ಹೋಗುವ ಅನುಕೂಲವಿಲ್ಲದವರ ಗತಿಯೇನು? ಇದಕ್ಕೆ ಆರ್ಥರ್ ವೇಲಿ ಅವರ ಬಾಳು ಉತ್ತರ ಹೇಳುತ್ತದೆ. 1913ರಲ್ಲಿ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿದ ಅವರು, ಅಲ್ಲಿನ ಪೌರಸ್ತ್ಯ ಚಿತ್ರಗಳನ್ನು ಅರಿಯಲೆಂದು ಚೀನೀ ಮತ್ತು ಜಪಾನೀ ಭಾಷೆಗಳನ್ನು ತಾವೇ ಕಲಿತರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಎಂಬಾಕೆ ರಚಿಸಿದ ‘ಗೆಂಜಿಯ ಕಥೆ’ಯನ್ನು 1925ರಿಂದ 1933ರವರೆಗೆ ಆರು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದರು. ಆದರೆ ಜಪಾನಿನ ನೆಲವನ್ನು ಅವರು ಒಮ್ಮೆಯೂ ಮೆಟ್ಟಲಿಲ್ಲ. ಗ್ರಂಥಗಳೇ ಅವರು ಬಾಳಿದ ಜಪಾನು. 1940ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಈ ಅನುವಾದವನ್ನು ಅಗ್ಗವಾಗಿ ಕೊಂಡ ಡೊನಾಲ್ಡ್ ಕೀನ್ ಎಂಬ ವಿದ್ಯಾರ್ಥಿಯು ಅದರಿಂದ ಆ ಸಾಹಿತ್ಯಕ್ಕೆ ಮನಸೋತು, ಮುಂದೆ ಅದರ ಮಹಾವಿದ್ವಾಂಸರಾಗಿ, 2012ರಲ್ಲಿ ಜಪಾನಿನ ಪೌರತ್ವವನ್ನೇ ಪಡೆದರು.

ಹಾಗೆಂದು ಒಂಟಿ ಕಲಿಕೆಯ ಕೊರತೆಯನ್ನು ಮರೆಮಾಚಬಾರದು. ವೇಲಿಯವರ ಅನುವಾದದಲ್ಲಿ ತಪ್ಪುಗ್ರಹಿಕೆಗಳೂ ಮಿತಿಮೀರಿದ ಸ್ವಾತಂತ್ರ್ಯವೂ ಇವೆಯೆಂದು ಅನಂತರದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಕೆಲವು ಅರ್ಥಗಳಂತೂ ಬಳಕೆಯಿಂದಲೇ ಒಲಿಯತಕ್ಕವು. ‘ಚೊತ್ತೊ’ ಎಂಬ ಮಾತಿಗೆ ‘ಸ್ವಲ್ಪ’ ಎಂದರ್ಥ. ಆಹ್ವಾನವೊಂದಕ್ಕೆ ಜಪಾನೀಯನು ‘ಚೊತ್ತೊ...’ ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದರೆ, ಬರಲಾಗುವುದಿಲ್ಲವೆಂದು ನಯವಾಗಿ ತಿಳಿಸಿದಂತೆ. ಪದದ ಅರ್ಥವನ್ನು ಮಾತ್ರ ಬಲ್ಲವನು ಉಳಿದರ್ಧಕ್ಕಾಗಿ ಕಾಯುತ್ತ ನಿಲ್ಲುತ್ತಾನೆ. ಹೀಗೆ ಕಾಯುವವನನ್ನು ತಿದ್ದಲು ಆ ಭಾಷೆಯನ್ನು ಬಲ್ಲ ಇನ್ನೊಬ್ಬರು ಬೇಕು.

ಇಂದು ಜಪಾನೀ ಧ್ವನಿಯನ್ನು ಕೇಳಲು ಹಡಗೇರಬೇಕಾಗಿಲ್ಲ. ಮೊಬೈಲ್ ಫೋನೊಂದಿದ್ದರೆ ಹಳ್ಳಿಯ ಮನೆಯಲ್ಲಿಯೂ ಆ ನಾಡಿನ ವಾರ್ತೆ, ಕಥೆ, ಸಂಭಾಷಣೆಗಳು ಕೇಳಿಬರುತ್ತವೆ. ಕೊರತೆಯಿರುವುದು ಸಾಧನಗಳಲ್ಲಿ ಅಲ್ಲ, ನಿಯಮದಲ್ಲಿ. ಒಂದು ದಿನ ಆರು ಗಂಟೆ ಓದಿ ಆರು ದಿನ ಸುಮ್ಮನಿರುವವನಿಗಿಂತ, ದಿನಕ್ಕೊಂದು ಗಂಟೆ ಓದಿ, ಓದಿದ್ದನ್ನು ಕಿವಿಯಿಂದ ಕೇಳಿ, ಬಾಯಿಂದ ನುಡಿದು, ತಪ್ಪಿದಾಗ ನಾಚದೆ ತಿದ್ದಿಕೊಳ್ಳುವವನು ಮುಂದೆ ಹೋಗುತ್ತಾನೆ.

ತಾನೇ ಕಲಿಯುವುದೆಂದರೆ ಗುರುವನ್ನು ತೊರೆಯುವುದಲ್ಲ, ಗುರುವನ್ನು ತಾನೇ ಅರಸಿಕೊಳ್ಳುವುದು. ಅಂತಹವನಿಗೆ ಪುಸ್ತಕವೂ ಗುರು, ಆ ಭಾಷೆಯನ್ನಾಡುವ ಮಗುವೂ ಗುರು. ಈ ವಿನಯವಿದ್ದವನಿಗೆ ಶಾಲೆಯ ಬಾಗಿಲು ಮುಚ್ಚಿದ ಮೇಲೂ ವಿದ್ಯೆಯ ಬಾಗಿಲು ತೆರೆದೇ ಇರುತ್ತದೆ.