ಮೀಸೆಯ ಜೊತೆಗೇ ಬಂದ ಮೊಡವೆ



ನಿಮ್ಮ ಮೆಚ್ಚಿನ ಹೀರೋ ಮುಂದಿನ ಚಿತ್ರ ಯಾವುದು, ಅವನ ಹೀರೋಯಿನ್ ಯಾರು, ಅವರಿಬ್ಬರ ಗುಸುಗುಸು ನಿಜವೇ ಅಂತೆಲ್ಲ ಕೇಳಿ ಕೇಳಿ ನನ್ನನ್ನು ಸುಸ್ತು ಮಾಡಿದ್ದೀರಿ. ಇರಲಿ, ಅದು ನಿಮ್ಮ ಹಕ್ಕು! ಆದರೆ ಆ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಕಾಗದದ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ ನಾಚಿಕೊಂಡು ಬರೆದ ಒಂದು ಸಾಲಿರುತ್ತದಲ್ಲ, ‘ಸಾರ್, ಮುಖದ ತುಂಬಾ ಮೊಡವೆ, ಏನಾದ್ರೂ ಉಪಾಯ ಹೇಳಿ’ ಅಂತ... ಈ ವಾರ ಉತ್ತರ ಆ ಒಂದು ಸಾಲಿಗೆ.

ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಅನೇಕರು ನೇರವಾಗಿ ಕೇಳಲು ಹೆದರಿ ‘ಆ ಅಭ್ಯಾಸದಿಂದ ಬಂತೇ?’ ಎಂದು ಬರೆಯುತ್ತೀರಿ. ಇಲ್ಲ ಕಣ್ರೀ, ಇಲ್ಲ! ಅದಕ್ಕೂ ಮೊಡವೆಗೂ ಏನೇನೂ ಸಂಬಂಧವಿಲ್ಲ. ಮದುವೆಯಾದರೆ ಹೋಗುತ್ತದೆ ಅನ್ನುವುದೂ ಸುಳ್ಳು. ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಬಹಳ ಜನಕ್ಕೆ ಅದಾಗಿಯೇ ಕಡಿಮೆಯಾಗಿರುತ್ತದೆ, ಹೆಸರು ಮಾತ್ರ ಮದುವೆಗೆ.

ನಿಜವಾದ ಕಾರಣ ಇಷ್ಟೆ. ಹದಿಹರೆಯದಲ್ಲಿ ನಿಮಗೆ ಮೀಸೆ ಚಿಗುರಿಸುವ, ಗಂಟಲು ಒಡೆಸುವ ಹಾರ್ಮೋನು ಇದೆಯಲ್ಲ, ಅದೇ ಚರ್ಮದ ಎಣ್ಣೆ ಗ್ರಂಥಿಗಳನ್ನೂ ಎಬ್ಬಿಸುತ್ತದೆ. ಕೂದಲಿನ ಬುಡದಲ್ಲಿರುವ ಈ ಗ್ರಂಥಿ ಜಿಡ್ಡು ಸುರಿಸುತ್ತದೆ. ಹೊರಬರುವ ರಂಧ್ರಕ್ಕೆ ಸತ್ತ ಚರ್ಮ ಬಿರಡೆಯ ಹಾಗೆ ಕೂತುಬಿಡುತ್ತದೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ, ನಮ್ಮ ಚರ್ಮದಲ್ಲೇ ಸದಾ ವಾಸವಿರುವ ಒಂದು ಬ್ಯಾಕ್ಟೀರಿಯ ಬೆಳೆದು ಉರಿ, ಕೆಂಪು, ಕೀವು. ಬಿರಡೆಯ ತಲೆ ಕಪ್ಪಗೆ ಕಂಡರೆ ಅದು ಕೊಳೆ ಅಂತ ತಿಕ್ಕುತ್ತೀರಿ. ಕೊಳೆಯಲ್ಲ, ಗಾಳಿ ತಾಗಿದ ಜಿಡ್ಡು, ಜೊತೆಗೆ ಚರ್ಮದ್ದೇ ಬಣ್ಣ. ದಿನಕ್ಕೆ ಆರು ಸಲ ಸೋಪು ಹಾಕಿ ಉಜ್ಜಿದರೆ ಮುಖ ಕೆರಳುತ್ತದೆಯೇ ಹೊರತು ಶಮನವಾಗುವುದಿಲ್ಲ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಸಾಕು. ಅಪ್ಪ ಅಮ್ಮಂದಿರಿಗೆ ಜೋರಾಗಿ ಬಂದಿದ್ದರೆ ನಿಮಗೂ ಬರುವ ಸಂಭವ ಹೆಚ್ಚು.

ನಮ್ಮ ಹಳಬರೂ ಇದನ್ನು ಸರಿಯಾಗಿಯೇ ನೋಡಿದ್ದರು. ಸುಶ್ರುತ ಸಂಹಿತೆ ಮೊಡವೆಯನ್ನು ‘ಮುಖದೂಷಿಕಾ’ ಎಂದು ಕರೆದು, ಇದು ತರುಣರಿಗೆ ಬರುವಂಥದು, ಬೂರುಗದ ಮರದ ಮುಳ್ಳಿನಂತೆ ಕಾಣುತ್ತದೆ ಎಂದು ಹೇಳಿದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಆ ಹೋಲಿಕೆ ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಅದನ್ನು ಸೇರಿಸಿರುವುದು ಮಾತ್ರ ‘ಕ್ಷುದ್ರರೋಗ’ಗಳ ಪಟ್ಟಿಯಲ್ಲಿ, ಅಂದರೆ ಸಣ್ಣಪುಟ್ಟ ಕಾಯಿಲೆಗಳ ಸಾಲಿನಲ್ಲಿ. ಕಾಲೇಜಿನ ಗ್ರೂಪ್ ಫೋಟೋ ದಿನ ಮೂಗಿನ ತುದಿಯಲ್ಲಿ ಒಂದು ಎದ್ದಿದ್ದರೆ ಅದು ಎಷ್ಟು ಸಣ್ಣದು ಅಂತ ನಿಮ್ಮನ್ನೇ ಕೇಳಬೇಕು!

ಈಗ ಗಿಡಮೂಲಿಕೆಗೆ ಬರೋಣ. ಮನೆಮದ್ದು ಉರಿ ತಗ್ಗಿಸುತ್ತದೆ, ಜಿಡ್ಡು ಹೀರುತ್ತದೆ, ಸಣ್ಣ ಮೊಡವೆಗೆ ನೆರವಾಗುತ್ತದೆ. ಆಳದಲ್ಲಿ ಗಂಟುಗಟ್ಟಿದ್ದನ್ನು ಕರಗಿಸುವುದು ಅದರ ಕೈಲಾಗದು.

ಬೇವು: ಒಂದು ಹಿಡಿ ಎಲೆಯನ್ನು ಒಂದು ಚೊಂಬು ನೀರಿನಲ್ಲಿ ಕುದಿಸಿ, ಆರಿಸಿ, ಸೋಸಿ ಆ ನೀರಿನಲ್ಲಿ ಮುಖ ತೊಳೆಯಿರಿ. ಹಸಿ ಎಲೆ ಅರೆದು ಗಂಟೆಗಟ್ಟಲೆ ಮೆತ್ತಿಕೊಂಡು ಕೂರಬೇಡಿ, ಕೆಲವರಿಗೆ ಉರಿಯುತ್ತದೆ.

ಗಂಧ: ಕೊರಡು ಮನೆಯಲ್ಲಿದ್ದರೆ ಸಾಣೆಕಲ್ಲಿನ ಮೇಲೆ ತೇಯ್ದು, ಕೆಂಪಾದ ಜಾಗಕ್ಕೆ ಹಚ್ಚಿ. ತಂಪಾಗುತ್ತದೆ, ಸುವಾಸನೆ ಬೇರೆ. ಜಾತ್ರೆಯಲ್ಲಿ ಮಾರುವ ಅಗ್ಗದ ಗಂಧದ ಪುಡಿಯನ್ನು ಮಾತ್ರ ಮುಖದ ಹತ್ತಿರಕ್ಕೂ ತರಬೇಡಿ. ಗಂಧದ ಬೆಲೆ ಗೊತ್ತಿದ್ದವನು ಆ ದರಕ್ಕೆ ಕೊಡುತ್ತಾನೆಯೇ?

ಲೋಳೆಸರ: ಎಲೆ ಕತ್ತರಿಸಿ ಸ್ವಲ್ಪ ಹೊತ್ತು ಓರೆಯಾಗಿ ನಿಲ್ಲಿಸಿ. ಹಳದಿ ರಸ ಇಳಿದು ಹೋಗಲಿ, ತುರಿಕೆ ಬರಿಸುವುದು ಅದೇ. ಆಮೇಲೆ ಒಳಗಿನ ಬಿಳಿ ಲೋಳೆ ಹಚ್ಚಿ.

ಅರಿಶಿನ: ಚಿಟಿಕೆ ಸಾಕು, ಕಡಲೆಹಿಟ್ಟಿನ ಜೊತೆ ಕಲಸಿ. ಕಸ್ತೂರಿ ಅರಿಶಿನವಾದರೆ ಹಳದಿ ಕಡಿಮೆ ಅಂಟುತ್ತದೆ. ಇಲ್ಲದಿದ್ದರೆ ಮಾರನೇ ದಿನ ಕ್ಲಾಸಿನಲ್ಲಿ ‘ಏನಪ್ಪಾ, ಮದುಮಗನಾ?’ ಅಂತ ಕೇಳಿಸಿಕೊಳ್ಳಬೇಕಾಗುತ್ತದೆ!

ಹಳೆಯ ವೈದ್ಯಗ್ರಂಥಗಳಲ್ಲಿ ಲೋಧ್ರ, ಕೊತ್ತಂಬರಿ ಬೀಜ, ಬಜೆ ಮೂರನ್ನೂ ಅರೆದು ಲೇಪಿಸುವ ವಿಧಾನವಿದೆ. ಮೂರೂ ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತವೆ. ಯಾವ ಲೇಪವೇ ಆಗಲಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಆಮೇಲೆ ಮುಖ.

ವಿದೇಶದ್ದೂ ಒಂದು ಇದೆ, ಆಸ್ಟ್ರೇಲಿಯದ ಟೀ ಟ್ರೀ ಗಿಡದ ಎಣ್ಣೆ. 1990ರಲ್ಲಿ ಅಲ್ಲಿನ ವೈದ್ಯರು 124 ಜನರ ಮೇಲೆ ಪರೀಕ್ಷೆ ನಡೆಸಿ, ಶೇಕಡ 5ರ ಆ ಎಣ್ಣೆಯ ಜೆಲ್ಲನ್ನು ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಔಷಧಿಯ ಜೊತೆ ಹೋಲಿಸಿದರು. ಎರಡೂ ಮೊಡವೆ ತಗ್ಗಿಸಿದವು. ಎಣ್ಣೆ ನಿಧಾನ, ಆದರೆ ಉರಿ ಕಡಿಮೆ. ನಿಮಗೆ ಸಿಕ್ಕರೆ ಅಪ್ಪಟ ಎಣ್ಣೆಯನ್ನು ಹಾಗೇ ಸುರಿದುಕೊಳ್ಳಬೇಡಿ, ಅವರು ಬಳಸಿದ್ದು ತೆಳುವಾಗಿ ಬೆರೆಸಿದ್ದನ್ನು.

ನಿಂಬೆಹಣ್ಣು ತಿಕ್ಕುವವರೇ, ದಯವಿಟ್ಟು ನಿಲ್ಲಿಸಿ! ಅದರ ಹುಳಿ ಚರ್ಮ ಸುಡುತ್ತದೆ. ಆ ಮುಖ ಹೊತ್ತು ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳಬಹುದು. ಹಲ್ಲಿನ ಪೇಸ್ಟು ಹಲ್ಲಿಗೆ, ಮೊಡವೆಗಲ್ಲ. ಇನ್ನು ಹೀರೋ ಥರ ಕ್ರಾಪು ನಿಲ್ಲಲಿ ಅಂತ ತಲೆಗೆ ಎಣ್ಣೆ, ಕ್ರೀಮು ಸುರಿಯುವವರ ಹಣೆಯಲ್ಲೇ ಮೊಡವೆ ಸಾಲುಗಟ್ಟುತ್ತದೆ, ಕನ್ನಡಿ ನೋಡಿಕೊಳ್ಳಿ. ಜಿಮ್ಮಿನಲ್ಲಿ ‘ಬೇಗ ಬಾಡಿ ಬರುತ್ತೆ’ ಅಂತ ಚುಚ್ಚುವ ಇಂಜೆಕ್ಷನ್ನು ಸ್ಟೀರಾಯ್ಡ್ ಆಗಿದ್ದರೆ, ಬಾಡಿ ಬರುವ ಮೊದಲು ಬೆನ್ನ ತುಂಬ ಮೊಡವೆ ಬರುತ್ತದೆ.

ತಿನ್ನುವ ವಿಷಯ. 1969ರಲ್ಲಿ ಅಮೆರಿಕದಲ್ಲಿ ಹರೆಯದವರಿಗೆ ಚಾಕೊಲೇಟ್ ತಿನ್ನಿಸಿ ಪರೀಕ್ಷೆ ಮಾಡಿ, ಮೊಡವೆ ಹೆಚ್ಚಲಿಲ್ಲ ಎಂದರು. ಆ ಪರೀಕ್ಷೆಗೆ ನೆರವು ಕೊಟ್ಟದ್ದು ಚಾಕೊಲೇಟ್ ತಯಾರಕರ ಸಂಘ! 2007ರಲ್ಲಿ ಆಸ್ಟ್ರೇಲಿಯದಲ್ಲಿ 15ರಿಂದ 25 ವಯಸ್ಸಿನ 43 ಹುಡುಗರನ್ನು 12 ವಾರ ನೋಡಿದಾಗ, ಸಕ್ಕರೆ ಮತ್ತು ಬೇಗ ಸಕ್ಕರೆಯಾಗುವ ತಿಂಡಿ ಕಡಿಮೆ ಮಾಡಿದವರಿಗೆ ಮೊಡವೆಯೂ ಹೆಚ್ಚು ತಗ್ಗಿತ್ತು. ಹಾಗಾಗಿ ಇಂಟರ್‌ವಲ್‌ನಲ್ಲಿ ಒಂದು ಬೋಂಡ ತಿಂದರೆ ಆಕಾಶ ಬೀಳದು. ದಿನಾ ಎರಡು ಬಾಟಲು ಕೋಲಾ ಕುಡಿಯುವವರು ಯೋಚಿಸಿ.

ಇಷ್ಟು ಹೊತ್ತು ಹಗುರವಾಗಿ ಬರೆದೆ. ಈಗ ಹೇಳುವುದು ಹಗುರವಲ್ಲ. ಚಿತ್ರದುರ್ಗ ಕಡೆಯ ಒಬ್ಬ ಗೆಳೆಯರ ಕಾಗದ ಬಂದಿದೆ. ಅಂಗಡಿಯವರು ಕೊಟ್ಟ ಒಂದು ಟ್ಯೂಬು ಹಚ್ಚಿದರಂತೆ. ಒಂದೇ ವಾರದಲ್ಲಿ ಮುಖ ಪಳಪಳ, ಬಣ್ಣವೂ ಬೆಳ್ಳಗೆ! ಎಂಟು ತಿಂಗಳು ಬಿಡಲಿಲ್ಲ. ಈಗ ಬಿಟ್ಟರೆ ಮುಖ ಬೆಂಕಿ, ಹಚ್ಚಿದರೂ ಮೊದಲಿನ ಹಾಗಿಲ್ಲ, ಬಿಸಿಲಿಗೆ ಹೋಗಲಾರರು, ಕೆನ್ನೆಯಲ್ಲಿ ಕೆಂಪು ನರಗಳು ಕಾಣುತ್ತಿವೆ. ‘ಅಕ್ಕನ ಮದುವೆಗೂ ಒಳಗೇ ಕೂತಿದ್ದೆ ಸಾರ್’ ಅಂತ ಬರೆದಿದ್ದಾರೆ. ಓದಿ ನನಗೆ ಊಟ ಸೇರಲಿಲ್ಲ.

ಲಕ್ಷಣವೆಲ್ಲ ಸ್ಟೀರಾಯ್ಡ್ ಮುಲಾಮಿನದು. ಮೊದಲು ಕೆಂಪು ಅಡಗಿಸಿ ಸ್ನೇಹಿತನಂತೆ ಬರುತ್ತದೆ, ಆಮೇಲೆ ಚರ್ಮವನ್ನೇ ತೆಳುವಾಗಿಸಿ ಹೊಸ ಮೊಡವೆಯನ್ನು ತಾನೇ ಎಬ್ಬಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದು ಅಂತ ನಿಯಮ ಮಾಡಿತು. ನಿಯಮ ಕಾಗದದ ಮೇಲಿದ್ದರೆ ಸಾಲದು, ನಿಮ್ಮ ಕಣ್ಣೂ ಟ್ಯೂಬಿನ ಮೇಲಿರಲಿ. ಸಣ್ಣಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ — ಈ ನಾಲ್ಕರಲ್ಲಿ ಒಂದು ಹೆಸರು ಕಂಡರೂ, ಡಾಕ್ಟರು ಬರೆದುಕೊಟ್ಟಿರದಿದ್ದರೆ ಅದು ನಿಮ್ಮ ಮುಖಕ್ಕಲ್ಲ.

ಬೆಳ್ಳಗಾಗುವ ಆಸೆಯೇ ಇದಕ್ಕೆ ದಾರಿ ಮಾಡಿಕೊಡುವುದು. ಪರದೆಯ ಮುಖಗಳು ನಿಮ್ಮನ್ನು ಕಾಡುತ್ತವೆ ನಿಜ, ಆದರೆ ಅಲ್ಲಿ ಮೇಕಪ್ ಇದೆ, ಲೈಟಿಂಗ್ ಇದೆ, ಈಗ ಕಂಪ್ಯೂಟರಿನಲ್ಲಿ ಕಲೆ ಒರೆಸುವವರೂ ಇದ್ದಾರೆ. 2015ರ ಮಲಯಾಳಂ ‘ಪ್ರೇಮಂ’ ನೋಡಿದ್ದೀರಲ್ಲ? ಮಲರ್ ಟೀಚರಾಗಿ ಬಂದ ಸಾಯಿ ಪಲ್ಲವಿಯ ಕೆನ್ನೆಯ ಮೊಡವೆ ಕ್ಲೋಸಪ್‌ನಲ್ಲೂ ಕಾಣುತ್ತದೆ. ಜನ ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ಇತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ನೀವೆಲ್ಲ ಒಪ್ಪಿದ್ದು ಹೇಗೆ ಅಂತ ನನಗೆ ಬಂದ ಕಾಗದಗಳೇ ಹೇಳುತ್ತವೆ! ಆಕೆ ಓದಿರುವುದು ವೈದ್ಯಕೀಯ. ಬಿಳುಪಿನ ಕ್ರೀಮಿನ ಜಾಹೀರಾತು ಬೇಡವೆಂದವರು. ಇನ್ನು ‘ಅರ್ಧ ಸತ್ಯ’ಕ್ಕೆ ರಾಷ್ಟ್ರಪ್ರಶಸ್ತಿ ಪಡೆದ, ನಮ್ಮ ‘ಎ.ಕೆ. 47’ನಲ್ಲೂ ನಟಿಸಿದ ಓಂ ಪುರಿ ಅವರ ಮುಖದ ಕುಳಿಗಳನ್ನು ಯಾವ ಕ್ಯಾಮೆರಾವೂ ಮುಚ್ಚಲಿಲ್ಲ.

ಸರಿ, ಮನೆಮದ್ದು ಎರಡು ತಿಂಗಳಾದರೂ ಹಿಡಿಯಲಿಲ್ಲ ಅನ್ನಿ. ಮೊಡವೆ ಗಂಟುಗಟ್ಟುತ್ತಿದೆ, ಮುಟ್ಟಿದರೆ ನೋವು, ಕುಳಿ ಬೀಳುತ್ತಿದೆ. ಆಗ ಕಾಯಬೇಡಿ, ಬಿದ್ದ ಕುಳಿ ಸುಲಭವಾಗಿ ತುಂಬುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಬೆಂಜಾಯ್ಲ್ ಪೆರಾಕ್ಸೈಡ್ ಕೊಟ್ಟರೆ ಶೇಕಡ 2.5ರದ್ದೇ ಸಾಕಾಗುತ್ತದೆ, ಆದರೆ ಅದು ಟವೆಲ್ಲು, ದಿಂಬಿನ ಬಣ್ಣ ತಿನ್ನುತ್ತದೆ; ಅಮ್ಮನ ಬೈಗುಳ ತಪ್ಪಬೇಕಾದರೆ ಬಿಳಿ ಟವೆಲ್ಲು ಇಟ್ಟುಕೊಳ್ಳಿ. ಯಾವ ಔಷಧಿಗೂ ಆರರಿಂದ ಎಂಟು ವಾರ ಕೊಡಬೇಕು. ಬೆರಳಿಂದ ಹಿಸುಕುವುದು ಈ ಹೊತ್ತಿಗೇ ನಿಲ್ಲಲಿ.

ಚಿತ್ರದುರ್ಗದ ಗೆಳೆಯರೇ, ನೀವು ಆ ಟ್ಯೂಬನ್ನು ಇವತ್ತೇ ತಿಪ್ಪೆಗೆ ಎಸೆದು ಸುಮ್ಮನಾಗಬೇಡಿ. ಒಮ್ಮೆಲೇ ಬಿಟ್ಟರೆ ಉರಿ ಕೆರಳುತ್ತದೆ. ಟ್ಯೂಬನ್ನು ಜೇಬಿನಲ್ಲಿಟ್ಟುಕೊಂಡು ಚರ್ಮದ ಡಾಕ್ಟರ ಬಳಿ ಹೋಗಿ, ಎಂಟು ತಿಂಗಳ ವಿಷಯ ಮುಚ್ಚಿಡದೆ ಹೇಳಿ. ಅವರು ಹಂತ ಹಂತವಾಗಿ ಬಿಡಿಸುತ್ತಾರೆ. ತಿಂಗಳುಗಳೇ ಹಿಡಿಯಬಹುದು, ಹಿಡಿಯಲಿ. ಹೋಗಿ ಬಂದ ಮೇಲೆ ನನಗೊಂದು ಕಾರ್ಡು ಹಾಕಿ.